ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೆಲ ತಮ್ಮದಾಗುವುದೇ?

ಮಧುಗಿರಿ: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಕಂದಾಯ ಉಪವಿಭಾಗದ ರೈತರಿಗೆ ಉಪವಿಭಾಗಾಧಿಕಾರಿಗಳ ನ್ಯಾಯಾಲಯ ಅಪರಿಚಿತವಲ್ಲ. ಖಾತೆ ಬದಲಾವಣೆಯ ಆದೇಶವನ್ನು ಪ್ರಶ್ನಿಸುವ ಮೇಲ್ಮನವಿಗಳೂ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ಪ್ರಕರಣಗಳೂ ಮೊದಲು ಬರುವುದು ಇಲ್ಲಿಗೇ. ಇಲ್ಲಿ ಗೆದ್ದವರು ನಿಶ್ಚಿಂತರಾಗುವುದಿಲ್ಲ, ಸೋತವರು ಸುಮ್ಮನಾಗುವುದೂ ಇಲ್ಲ. ಏಕೆಂದರೆ ಖಾತೆ ಯಾರ ಹೆಸರಿಗೆ ಇರಬೇಕು ಎಂಬುದನ್ನು ಕಂದಾಯ ಅಧಿಕಾರಿ ತೀರ್ಮಾನಿಸಬಹುದು, ಭೂಮಿ ಯಾರದು ಎಂಬುದನ್ನು ತೀರ್ಮಾನಿಸಬೇಕಾದದ್ದು ಸಿವಿಲ್ ನ್ಯಾಯಾಲಯ.

ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಈ ವ್ಯತ್ಯಾಸ ಬಹುಕಾಲ ಯಾರನ್ನೂ ಅಷ್ಟಾಗಿ ಕಾಡಿರಲಿಲ್ಲ. ಕಡಲೆಕಾಯಿ ಬೆಳೆಯುವ ಕೆಂಪು ನೆಲಕ್ಕೆ ಹೇಳಿಕೊಳ್ಳುವಂಥ ಬೆಲೆ ಇರಲಿಲ್ಲ. ತಾತನ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೂ ಮೊಮ್ಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದರು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಚಿತ್ರ ಬದಲಾಗಿದೆ. ಪಾವಗಡಕ್ಕೆ ಸೋಲಾರ್ ಪಾರ್ಕ್ ಬಂದಿತು. ಕೊರಟಗೆರೆಯ ಬೈರಗೊಂಡ್ಲು ಎತ್ತಿನಹೊಳೆ ಯೋಜನೆಯ ಜಲಾಶಯಕ್ಕೆ ಗೊತ್ತಾಯಿತು. ತುಮಕೂರು–ರಾಯದುರ್ಗ ರೈಲು ಮಾರ್ಗಕ್ಕೆ ಭೂಮಿ ಬೇಕಾಯಿತು. ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಆಸುಪಾಸಿಗೆ ಬೆಂಗಳೂರಿನ ಕೊಳ್ಳುಗರು ಬಂದರು. ನೆಲಕ್ಕೆ ಬೆಲೆ ಬಂದ ದಿನವೇ ದಾಖಲೆಗೂ ಬೆಲೆ ಬಂದಿತು. ಆ ದಾಖಲೆ ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಎದ್ದಿತು.

ಕಂದಾಯಕ್ಕಾಗಿ ಹುಟ್ಟಿದ ಕಾಗದ

ಪಹಣಿ ಮೂಲತಃ ಒಡೆತನದ ಪತ್ರವಲ್ಲ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಭೂಮಿಯ ಅಳತೆ ಆರಂಭವಾದಾಗ ಸರ್ಕಾರಕ್ಕೆ ಬೇಕಿದ್ದುದು ಯಾವ ಸರ್ವೆ ನಂಬರಿನ ಕಂದಾಯವನ್ನು ಯಾರು ಕಟ್ಟುತ್ತಾರೆ ಎಂಬ ಮಾಹಿತಿ. 1888ರ ಮೈಸೂರು ಭೂಕಂದಾಯ ಸಂಹಿತೆಯ ಕಾಳಜಿಯೂ ಮುಖ್ಯವಾಗಿ ಅದೇ ಆಗಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹಕ್ಕುದಾಖಲೆಗೆ ಇನ್ನಷ್ಟು ತೂಕ ಕೊಟ್ಟಿತಾದರೂ, 133ನೇ ಕಲಂ ಹೇಳುವುದು ಇಷ್ಟೇ: ಪಹಣಿಯ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ, ಸರಿ ಎಂದು ಭಾವಿಸತಕ್ಕದ್ದು. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದನ್ನು 2021ರಲ್ಲಿ ಪುನರುಚ್ಚರಿಸಿತು.

ನೋಂದಣಿ ಕಚೇರಿಯ ಮುದ್ರೆಯೂ ಖಾತರಿಯಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಅಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. ತನಗಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು ಎಂಬ ಹಳೆಯ ಸೂತ್ರ ಇಂದಿಗೂ ಸಿಂಧು. ಮಾರಿದವನ ಹಕ್ಕಿನಲ್ಲಿ ದೋಷವಿದ್ದರೆ ಕೊಂಡವನ ಕ್ರಯಪತ್ರ ಎಷ್ಟೇ ಕ್ರಮಬದ್ಧವಾಗಿದ್ದರೂ ಆ ದೋಷ ಅದರ ಜೊತೆಗೇ ಬರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪ್ರಮಾಣಪತ್ರವೂ ನೋಂದಾಯಿತ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಬಾಯಿಮಾತಿನ ಪಾಲು, ದಾಖಲಾಗದ ವಾರಸುದಾರಿಕೆ, ಕೋರ್ಟಿನಲ್ಲಿ ನಡೆಯುತ್ತಿರುವ ವ್ಯಾಜ್ಯ ಅದರಲ್ಲಿ ಕಾಣಲೇಬೇಕೆಂದಿಲ್ಲ.

2000ದಲ್ಲಿ ಆರಂಭವಾದ 'ಭೂಮಿ' ಯೋಜನೆಯಿಂದಾಗಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಶಾನುಭೋಗರ ಕಾಲದಿಂದ ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ದಾಖಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುವಂತಾದುದು ಸಣ್ಣ ಸಾಧನೆಯಲ್ಲ. ಆದರೆ ಕಂಪ್ಯೂಟರ್ ನಕಲು ಮಾಡಿತೇ ವಿನಾ ತನಿಖೆ ಮಾಡಲಿಲ್ಲ. ಮೃತರ ಹೆಸರು ಮೃತರ ಹೆಸರಾಗಿಯೇ ಉಳಿಯಿತು, ಪೋಡಿಯಾಗದ ಹಿಸ್ಸೆ ಪೋಡಿಯಾಗದೆಯೇ ಉಳಿಯಿತು. ಕೈಬರಹದಲ್ಲಿದ್ದ ತಪ್ಪು ಅಚ್ಚಿನ ಅಕ್ಷರದಲ್ಲಿ ಇನ್ನಷ್ಟು ಅಧಿಕೃತವಾಗಿ ಕಾಣತೊಡಗಿತು.

ಇಂಗ್ಲೆಂಡ್ ಹಿಡಿದ ದಾರಿ

ಭಾರತದ ಆಸ್ತಿ ಕಾನೂನಿನ ಬಹುಪಾಲು ಬಂದಿರುವುದು ಇಂಗ್ಲೆಂಡಿನಿಂದ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕ್ರಯ, ಅಡಮಾನ, ಗುತ್ತಿಗೆಗಳ ಕಲ್ಪನೆಗಳು ಅಲ್ಲಿಯವೇ. ವಿಚಿತ್ರವೆಂದರೆ, ಪತ್ರದ ಮೇಲೆ ಪತ್ರ ಜೋಡಿಸಿ ಹಕ್ಕು ಸಾಬೀತುಪಡಿಸುವ ಆ ಹಳೆಯ ಪದ್ಧತಿಯಿಂದ ಇಂಗ್ಲೆಂಡ್ ತಾನೇ ಬಹುಮಟ್ಟಿಗೆ ಹೊರಬಂದಿದೆ. 1925ರ ಕಾಯ್ದೆಗಳ ಮೂಲಕ ಆ ದೇಶ ಭೂಮಿಯ ಮೇಲಿನ ಹಕ್ಕುಗಳನ್ನು ಸರಳಗೊಳಿಸಿತು. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಮುಖ್ಯವಾಗಿ ಉಳಿದುದು ಎರಡೇ ಬಗೆಯ ಹಿಡುವಳಿ: ಕಾಲಮಿತಿಯಿಲ್ಲದ ಪೂರ್ಣ ಒಡೆತನ ಮತ್ತು ಅವಧಿ ಗೊತ್ತುಪಡಿಸಿದ ಗುತ್ತಿಗೆ. ಅದರ ಜೊತೆಗೆ, ಪತ್ರವನ್ನಲ್ಲದೆ ಹಕ್ಕನ್ನೇ ಸರ್ಕಾರಿ ಪುಸ್ತಕದಲ್ಲಿ ದಾಖಲಿಸುವ ವ್ಯವಸ್ಥೆ ಬೆಳೆಯಿತು. 2002ರ ಕಾಯ್ದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ಈ ಪದ್ಧತಿಗೆ ಮೂರು ಆಧಾರಗಳಿವೆ. ದಾಖಲೆ ನೆಲದ ಸ್ಥಿತಿಯನ್ನು ಕನ್ನಡಿಯಂತೆ ತೋರಿಸಬೇಕು. ದಾಖಲೆಯ ಹಿಂದಿನ ಇತಿಹಾಸವನ್ನು ಕೊಳ್ಳುವವನು ಕೆದಕಬೇಕಾಗಬಾರದು. ದಾಖಲೆಯ ತಪ್ಪಿನಿಂದ ನಷ್ಟವಾದವನಿಗೆ ಸರ್ಕಾರ ಪರಿಹಾರ ಕೊಡಬೇಕು. ಮೂರನೆಯದಿಲ್ಲದೆ ಮೊದಲೆರಡಕ್ಕೆ ಅರ್ಥವಿಲ್ಲ. ನಮ್ಮ ಪಹಣಿಯ ತಪ್ಪಿಗೆ ರೈತ ತಾಲ್ಲೂಕು ಕಚೇರಿಗೆ ಅಲೆಯುತ್ತಾನೆಯೇ ಹೊರತು ಸರ್ಕಾರ ಅವನಿಗೆ ಪರಿಹಾರ ತೆರುವುದಿಲ್ಲ.

ಆದರೆ ಇಂಗ್ಲೆಂಡಿನಲ್ಲಿಯೂ ಕನ್ನಡಿಯಲ್ಲಿ ಎಲ್ಲವೂ ಕಾಣುವುದಿಲ್ಲ. ಗಂಡನ ಹೆಸರಿನಲ್ಲಿ ಮಾತ್ರ ದಾಖಲಾಗಿದ್ದ ಮನೆಯನ್ನು ಆತ ಬ್ಯಾಂಕಿಗೆ ಅಡವಿಟ್ಟ ಬೋಲಂಡ್ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. ಮನೆ ಕೊಳ್ಳಲು ಹೆಂಡತಿಯೂ ಹಣ ಹಾಕಿದ್ದಳು, ಅಲ್ಲಿಯೇ ವಾಸವಾಗಿದ್ದಳು. ದಾಖಲೆಯಲ್ಲಿ ಆಕೆಯ ಹೆಸರಿಲ್ಲದಿದ್ದರೂ ಆಕೆಯ ಹಕ್ಕಿಗೆ ಬ್ಯಾಂಕು ತಲೆಬಾಗಲೇಬೇಕು ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ತೀರ್ಪಿತ್ತಿತು. ದಾಖಲೆಯೇ ಅಂತಿಮ ಎಂದು ನಂಬಿದ ದೇಶವೂ ನೆಲದ ಮೇಲೆ ನಿಂತಿರುವವರನ್ನು ನೋಡದೆ ಮುಂದುವರಿಯಲಾಗಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಈ ಪ್ರಶ್ನೆ ನಮ್ಮಲ್ಲಿ ಅತ್ಯಂತ ಸ್ಪಷ್ಟವಾಗಿ ಎದುರಾಗಿರುವುದು ಪಾವಗಡದಲ್ಲಿ.

ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಇದರ ಮೊದಲ ಹಂತವನ್ನು ಉದ್ಘಾಟಿಸಿದರು. ಭೂಸ್ವಾಧೀನದ ಬದಲು ಗುತ್ತಿಗೆಯ ದಾರಿ ಹಿಡಿದುದು ಈ ಯೋಜನೆಯ ವಿಶೇಷ. ಕೇಂದ್ರ ಮತ್ತು ರಾಜ್ಯದ ಜಂಟಿ ಸಂಸ್ಥೆಯಾದ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ರೈತರಿಂದ 28 ವರ್ಷಗಳ ಅವಧಿಗೆ ಭೂಮಿ ಪಡೆದು ವಿದ್ಯುತ್ ಕಂಪನಿಗಳಿಗೆ ಒಳಗುತ್ತಿಗೆ ನೀಡಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಹೆಚ್ಚಳ ಎಂಬುದು ಷರತ್ತು.

ಬರಗಾಲವೇ ವಾಡಿಕೆಯಾಗಿದ್ದ ತಾಲ್ಲೂಕಿನಲ್ಲಿ ಇದು ಅನೇಕ ಕುಟುಂಬಗಳಿಗೆ ಆಸರೆಯಾಯಿತು ಎಂಬುದರಲ್ಲಿ ಸಂಶಯವಿಲ್ಲ. ಭೂಮಿಯ ಒಡೆತನ ರೈತನಲ್ಲಿಯೇ ಉಳಿದುದೂ ದೊಡ್ಡ ಲಾಭ. ಆದರೆ ಲೆಕ್ಕ ಹಾಕಿ ನೋಡಿದರೆ ಇನ್ನೊಂದು ಮುಖವೂ ಕಾಣುತ್ತದೆ. ಈ ಷರತ್ತಿನಂತೆ ಕೊನೆಯ ಎರಡು ವರ್ಷಗಳಲ್ಲಿ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ರಿಸರ್ವ್ ಬ್ಯಾಂಕ್ ಗುರಿಯಾಗಿ ಇರಿಸಿಕೊಂಡಿರುವ ಶೇ. 4ರ ದರದಲ್ಲಿ ಬೆಲೆಗಳು ಏರಿದರೂ ಆ ಮೊತ್ತದ ಕೊಳ್ಳುವ ಶಕ್ತಿ ಆರಂಭದ ಲೆಕ್ಕದಲ್ಲಿ ಸುಮಾರು 14,300 ರೂಪಾಯಿ ಮಾತ್ರ. ಅಂದರೆ ಗುತ್ತಿಗೆ ಹಣ ಅಂಕಿಯಲ್ಲಿ ಏರುತ್ತಲೇ ಮೌಲ್ಯದಲ್ಲಿ ಇಳಿಯುತ್ತದೆ. ಇಂಗ್ಲೆಂಡಿನ ದೀರ್ಘಾವಧಿ ವಾಣಿಜ್ಯ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಬಾಡಿಗೆಯನ್ನು ಮಾರುಕಟ್ಟೆಗೆ ಹೊಂದಿಸುವ ಷರತ್ತಿರುತ್ತದೆ. ಗುತ್ತಿಗೆಯ ಕಲ್ಪನೆಯನ್ನು ಅಲ್ಲಿಂದ ತಂದ ನಾವು ಈ ಷರತ್ತನ್ನು ತರಲಿಲ್ಲ.

ಇನ್ನೊಂದು ಪ್ರಶ್ನೆ ಅವಧಿ ಮುಗಿದ ದಿನದ್ದು. ಫಲಕಗಳ ಸಾಲುಗಳ ನಡುವೆ ಹಳೆಯ ಬದುಗಳನ್ನು ಹುಡುಕುವುದು ಸುಲಭವಲ್ಲ. ತಂದೆ ಸಹಿ ಹಾಕಿದ ಕರಾರಿನ ಭೂಮಿಯನ್ನು ಮಕ್ಕಳೋ ಮೊಮ್ಮಕ್ಕಳೋ ಹಿಂಪಡೆಯುವಾಗ ತಮ್ಮ ಎರಡು ಎಕರೆ ಎಲ್ಲಿತ್ತು ಎಂಬುದಕ್ಕೆ ಮುಖ್ಯ ಸಾಕ್ಷಿ ಸರ್ವೆ ನಕ್ಷೆಯಾಗಿರುತ್ತದೆ. ಆ ನಕ್ಷೆಯಲ್ಲಿ ಪೋಡಿಯಾಗದಿದ್ದರೆ ಇಂದು ಮನೆಯೊಳಗಿರುವ ತಕರಾರು ಅಂದು ಕೋರ್ಟಿನ ಮೆಟ್ಟಿಲೇರುತ್ತದೆ.

ಪಹಣಿಯಲ್ಲಿ ಇಲ್ಲದವರು

ಗುತ್ತಿಗೆ ಹಣ ಸಂದಾಯವಾಗುವುದು ದಾಖಲೆಯಲ್ಲಿರುವ ಹೆಸರಿಗೆ. ಆದ್ದರಿಂದ ದಾಖಲೆಯಲ್ಲಿ ಯಾರಿಲ್ಲ ಎಂಬುದು ಯಾರಿದ್ದಾರೆ ಎಂಬುದರಷ್ಟೇ ಮುಖ್ಯ. ಮೊದಲನೆಯವರು ಭೂರಹಿತ ಕೂಲಿಕಾರರು. ಅದೇ ನೆಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಅವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಸಾಗುವಳಿ ನಿಂತ ಮೇಲೆ ಆ ನೆಲದ ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬಯಲು ಬೇಲಿಯಾಯಿತು. ಇವರ ಸಂಬಂಧ ಭೂಮಿಯೊಂದಿಗೆ ಇದ್ದುದು ನಿಜ, ಆದರೆ ಅದಕ್ಕೆ ಕಾನೂನಿನಲ್ಲಿ ಹೆಸರಿಲ್ಲ.

ಎರಡನೆಯವರು ವಾರಕ್ಕೆ ಮಾಡುವವರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಜಮೀನುಗಳನ್ನು ಸರ್ಕಾರದ ವಶಕ್ಕೆ ತಂದು, ಭೂನ್ಯಾಯಮಂಡಳಿಗಳ ಮೂಲಕ ಉಳುವವರಿಗೆ ಒಡೆತನ ಕೊಟ್ಟಿತು. ದೇವರಾಜ ಅರಸು ಅವರ ಕಾಲದ ಈ ಕ್ರಮ ರಾಜ್ಯದ ಇತಿಹಾಸದಲ್ಲಿ ಮಹತ್ವದ್ದು. ಅದೇ ಕಾಯ್ದೆ ಕೃಷಿಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದನ್ನೂ, ಸೈನಿಕರಂಥ ಕೆಲವರ ವಿನಾಯಿತಿ ಬಿಟ್ಟರೆ, ನಿಷೇಧಿಸಿತು. ಹಾಗೆಂದು ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ನೆರೆಯವನಿಗೆ ಎರಡು ಎಕರೆ ಗುತ್ತಿಗೆ ಕೊಡುವುದು ಕಾನೂನುಬಾಹಿರ, ವಿದ್ಯುತ್ ಉತ್ಪಾದನೆಗೆ ಸಾವಿರಾರು ಎಕರೆ ಗುತ್ತಿಗೆ ಕೊಡುವುದು ಸರ್ಕಾರದ ನೀತಿ ಎಂಬ ವೈಚಿತ್ರ್ಯ ಹೀಗೆ ಉಂಟಾಯಿತು. ಬರೆದಿಡಲಾಗದ ಗೇಣಿಯನ್ನು ನಂಬಿದವನು ಭೂಮಿ ಕೈತಪ್ಪಿದಾಗ ಕೇಳುವ ಹಕ್ಕನ್ನೂ ಕಳೆದುಕೊಂಡ.

ಮೂರನೆಯವರು ಬಗರ್ ಹುಕುಂ ಸಾಗುವಳಿದಾರರು. ಗೋಮಾಳ, ಸರ್ಕಾರಿ ಬೀಳುಗಳಲ್ಲಿ ಉಳುತ್ತ ಬಂದವರಿಂದ ಸರ್ಕಾರ ನಮೂನೆ 50, ನಂತರ 53, 2018ರಲ್ಲಿ 57ರಡಿ ಅರ್ಜಿ ಪಡೆಯಿತು. ಖಾಸಗಿ ಭೂಮಿಯಲ್ಲಿ 12 ವರ್ಷ ಬಹಿರಂಗವಾಗಿ, ಒಡೆಯನಿಗೆ ಪ್ರತಿಕೂಲವಾಗಿ ಸ್ವಾಧೀನದಲ್ಲಿದ್ದವನು ಕಾಲಮಿತಿ ಕಾಯ್ದೆಯ ನೆರವು ಕೇಳಬಹುದು. ಸರ್ಕಾರದ ವಿರುದ್ಧವಾದರೆ ಆ ಅವಧಿ 30 ವರ್ಷ. ಆದರೆ ಸಕ್ರಮಕ್ಕೆ ಅರ್ಜಿ ಹಾಕಿದ ರೈತ ಭೂಮಿ ಸರ್ಕಾರದ್ದೆಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಹೀಗಾಗಿ ಅವನಿಗೆ ಉಳಿಯುವುದು ಸಮಿತಿಯ ನಿರ್ಧಾರದ ನಿರೀಕ್ಷೆ ಮಾತ್ರ. ಆ ನಿರೀಕ್ಷೆಗೆ ಗುತ್ತಿಗೆ ಹಣವೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ.

ನಾಲ್ಕನೆಯವರು ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳು. ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ಒಪ್ಪಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಿತು, 2020ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದ ಬರುವಂಥದ್ದು ಎಂದು ಸ್ಪಷ್ಟಪಡಿಸಿತು. ಆದರೂ ಪಹಣಿಯ ಕಲಮಿನಲ್ಲಿ ಹೆಚ್ಚಾಗಿ ಕಾಣುವುದು ಅಣ್ಣತಮ್ಮಂದಿರ ಹೆಸರು. ಹಕ್ಕುಳ್ಳ ಹೆಣ್ಣುಮಗಳಿಗೆ ತವರಿನ ಭೂಮಿಯ ವ್ಯವಹಾರ ತಿಳಿಯುವುದು ಹಲವು ಸಲ ಬಿಡುಗಡೆ ಪತ್ರಕ್ಕೆ ಸಹಿ ಕೇಳಿದಾಗ. ಬೋಲಂಡ್ ಪ್ರಕರಣದ ಹೆಂಡತಿಗೆ ಆ ಮನೆಯಲ್ಲಿದ್ದ ವಾಸವಾದರೂ ರಕ್ಷಣೆಯಾಯಿತು. ಮದುವೆಯಾಗಿ ಬೇರೆ ಊರಿಗೆ ಹೋದವಳಿಗೆ ಅದೂ ಇಲ್ಲ.

ಕೊಂಡವನ ಭಯ, ಕೊಟ್ಟವನ ಹಕ್ಕು

ದಾಖಲೆ ಗಟ್ಟಿಯಿಲ್ಲದಿದ್ದರೆ ನಷ್ಟ ಬಡವರಿಗೆ ಮಾತ್ರವಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ರಾಜ್ಯ ಸರ್ಕಾರ 2020ರಲ್ಲಿ ತೆಗೆದುಹಾಕಿತು. ಬೆಂಗಳೂರಿನಿಂದ ಎರಡು ಮೂರು ಗಂಟೆ ದೂರದ ಶಿರಾ, ಮಧುಗಿರಿ, ಕೊರಟಗೆರೆಗಳ ಭೂಮಿ ನಗರದವರಿಗೆ ಮುಕ್ತವಾಯಿತು. ಆದರೆ ಕೊಳ್ಳುವವರು ಎದುರಿಸುವ ತೊಡಕು ಹಾಗೆಯೇ ಇದೆ. ಕರಾರುಪತ್ರ ಮತ್ತು ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ನಡೆಯುವ ವ್ಯವಹಾರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಇದನ್ನು ಅರಿಯದೆ ಉಳಿತಾಯದ ಹಣ ಹಾಕಿದವನ ಕೈಯಲ್ಲಿ ಕೊನೆಗೆ ಉಳಿಯುವುದು ಕಾಗದ ಮಾತ್ರ.

ಮಂಜೂರಾತಿ ಭೂಮಿಯ ವಿಷಯ ಇನ್ನೂ ಸೂಕ್ಷ್ಮ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ ಅದು ಅಸಿಂಧು ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಸಾಲಕ್ಕೋ ಒತ್ತಡಕ್ಕೋ ಭೂಮಿ ಕಳೆದುಕೊಂಡವರನ್ನು ರಕ್ಷಿಸುವುದು ಅದರ ಆಶಯ. ಅತಿ ವಿಳಂಬದ ಅರ್ಜಿಗಳನ್ನು ಪುರಸ್ಕರಿಸಲಾಗದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿಯನ್ನು ತೆಗೆಯಿತು. ಆ ಬಳಿಕವೂ ವಿಳಂಬದ ಪ್ರಶ್ನೆ ಹೈಕೋರ್ಟಿನ ಮುಂದೆ ಬಂದಿತು. ಮೂಲ ಮಂಜೂರಾತಿಯ ಕಡತ ಪ್ರತಿ ಪಹಣಿಗೂ ಜೋಡಣೆಯಾಗಿ ಎಲ್ಲರಿಗೂ ಕಾಣುವಂತಿದ್ದರೆ ಕೊಳ್ಳುವವನು ಮೊದಲೇ ಹಿಂದೆ ಸರಿಯುತ್ತಿದ್ದ, ಮಂಜೂರಾತಿ ಪಡೆದವರ ಮಕ್ಕಳು ಮೂವತ್ತು ವರ್ಷದ ಮೇಲೆ ಅರ್ಜಿ ಹಿಡಿದು ಬರಬೇಕಾಗುತ್ತಿರಲಿಲ್ಲ.

ಕೊರಟಗೆರೆಯ ಬೈರಗೊಂಡ್ಲು ತೋರಿಸುವುದು ಬೇರೊಂದು ತೊಡಕನ್ನು. ಜಲಾಶಯದ ಮುಳುಗಡೆ ಪ್ರದೇಶ ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳೆರಡರಲ್ಲೂ ಇದ್ದು, ಒಂದೇ ಜಲಾಶಯಕ್ಕೆ ಎರಡು ಬೆಲೆ ಏಕೆ ಎಂಬ ವಿವಾದ ಯೋಜನೆಯನ್ನು ವರ್ಷಗಟ್ಟಲೆ ಕಾಡಿತು. 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ನಿಂತಿರುವುದು ಮಾರ್ಗಸೂಚಿ ಬೆಲೆ ಮತ್ತು ಹಿಂದಿನ ಮೂರು ವರ್ಷಗಳ ನೋಂದಾಯಿತ ಕ್ರಯಪತ್ರಗಳ ಮೇಲೆ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಕಾಣಿಸುವ ರೂಢಿ ಇರುವ ಕಡೆ ಆ ಸುಳ್ಳೇ ಮುಂದೆ ಇಡೀ ಗ್ರಾಮದ ಪರಿಹಾರದ ಅಳತೆಗೋಲಾಗುತ್ತದೆ. ಇಲ್ಲಿಯೂ ನೆಲದ ಸತ್ಯವೇ ಬೇರೆ, ಕಾಗದದ ಸತ್ಯವೇ ಬೇರೆ.

ಗಡಿಯಾಚೆಯ ಪಾಠ

ಹಾಗಾದರೆ ಇಂಗ್ಲೆಂಡಿನಂತೆ ಹಕ್ಕನ್ನೇ ಖಾತರಿಪಡಿಸುವ ಕಾನೂನು ತಂದರೆ ಸಾಕೇ? ಕೇಂದ್ರ ಸರ್ಕಾರ 2008ರಿಂದಲೂ ಭೂದಾಖಲೆಗಳ ಆಧುನೀಕರಣದ ಅಂತಿಮ ಗುರಿಯಾಗಿ ಇದನ್ನೇ ಹೇಳುತ್ತ ಬಂದಿದೆ. ನೀತಿ ಆಯೋಗ 2020ರಲ್ಲಿ ಮಾದರಿ ಕಾಯ್ದೆಯನ್ನೂ ಸಿದ್ಧಪಡಿಸಿತು. ನೋಂದಣಿಗೂ ಒಡೆತನಕ್ಕೂ ಇರುವ ಅಂತರವನ್ನು 2025ರ ನವೆಂಬರಿನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ, ವಿಷಯವನ್ನು ಕಾನೂನು ಆಯೋಗ ಪರಿಶೀಲಿಸಬೇಕೆಂದು ಹೇಳಿತು.

ಇದಕ್ಕೆ ಉತ್ತರ ಹುಡುಕಲು ಮಧುಗಿರಿಯಿಂದ ದೂರ ಹೋಗಬೇಕಾಗಿಲ್ಲ. ಗಡಿಗೆ ತಾಗಿಕೊಂಡೇ ಆಂಧ್ರಪ್ರದೇಶದ ಮಡಕಶಿರಾ ಇದೆ. ಆಂಧ್ರದ ಭೂ ಒಡೆತನ ಕಾಯ್ದೆ 2023ರ ಅಕ್ಟೋಬರ್ 31ರಂದು ಜಾರಿಗೆ ಬಂದಿತು. ಹಕ್ಕಿನ ವಿವಾದಗಳನ್ನು ಸಿವಿಲ್ ನ್ಯಾಯಾಲಯಗಳಿಂದ ಅಧಿಕಾರಿಗಳ ಕೈಗೆ ವರ್ಗಾಯಿಸಲಾಗುತ್ತಿದೆ ಎಂದು ವಕೀಲರು ಪ್ರತಿಭಟಿಸಿದರು. ಭೂಮಿ ಕೈತಪ್ಪಬಹುದೆಂಬ ಆತಂಕ ಹಳ್ಳಿಗಳಿಗೆ ಹಬ್ಬಿ 2024ರ ಚುನಾವಣೆಯ ದೊಡ್ಡ ವಿಷಯವಾಯಿತು. ಅಧಿಕಾರಕ್ಕೆ ಬಂದ ಚಂದ್ರಬಾಬು ನಾಯ್ಡು ಸರ್ಕಾರ ಅದೇ ವರ್ಷ ಕಾಯ್ದೆಯನ್ನು ರದ್ದುಪಡಿಸಿತು. ಕಾಯ್ದೆಯ ತತ್ವ ತಪ್ಪಾಗಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ದಾಖಲೆಯ ಮೇಲೆ ಜನರಿಗೆ ನಂಬಿಕೆ ಇಲ್ಲದಿರುವಾಗ ಅದೇ ಅಂತಿಮ ಎಂದು ಘೋಷಿಸಹೊರಟರೆ ಏನಾಗುತ್ತದೆ ಎಂಬುದಂತೂ ಸಿದ್ಧವಾಗಿದೆ.

ಕರ್ನಾಟಕ ಇತ್ತೀಚೆಗೆ ಕೈಗೊಂಡಿರುವ ಕೆಲವು ಕ್ರಮಗಳು ಈ ದೃಷ್ಟಿಯಿಂದ ಸರಿಯಾದ ದಿಕ್ಕಿನಲ್ಲಿವೆ. ಪಹಣಿಗೆ ಆಧಾರ್ ಜೋಡಣೆ, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ, ಮೃತರ ಹೆಸರಿನಲ್ಲಿರುವ ಖಾತೆಗಳನ್ನು ವಾರಸುದಾರರಿಗೆ ವರ್ಗಾಯಿಸುವ ಪೌತಿ ಖಾತೆ ಅಭಿಯಾನ ಇವುಗಳಲ್ಲಿ ಮುಖ್ಯವಾದವು. ಆದರೆ ಪೌತಿ ಖಾತೆಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದರೆ ಹಳೆಯ ತಪ್ಪಿಗೆ ಹೊಸ ಮುದ್ರೆ ಬಿದ್ದಂತಾಗುತ್ತದೆ. ಪೋಡಿಯಾಗದೆ ಹೆಸರು ಮಾತ್ರ ಬದಲಾದರೆ ಪಾಲು ಯಾವುದೆಂಬುದು ತಿಳಿಯುವುದಿಲ್ಲ. ಬಗರ್ ಹುಕುಂ ಅರ್ಜಿಗಳು ಇತ್ಯರ್ಥವಾಗದೆ ಗ್ರಾಮದ ಭೂಚಿತ್ರ ಪೂರ್ಣವಾಗುವುದಿಲ್ಲ.

ಹೀಗಾಗಿ ಕ್ರಮವೇ ಇಲ್ಲಿ ಮುಖ್ಯ. ಮೊದಲು ಅಳತೆ, ಅನಂತರ ವಾರಸುದಾರರೆಲ್ಲರ ಹೆಸರು, ಆಮೇಲೆ ಸ್ವಾಧೀನದಲ್ಲಿರುವವರ ವಿಚಾರಣೆ, ಇದೆಲ್ಲ ಗ್ರಾಮಸಭೆಯ ಮುಂದೆ ಓದಿ ಹೇಳಿದ ಬಳಿಕವಷ್ಟೇ ಖಾತರಿಯ ಮಾತು. ಖಾತರಿ ಕೊಟ್ಟ ಮೇಲೆ ತಪ್ಪಾದರೆ ಪರಿಹಾರ ತೆರುವ ಹೊಣೆಯನ್ನೂ ಸರ್ಕಾರವೇ ಹೊರಬೇಕು. ಹೊಸ ಸೌರ ಯೋಜನೆಗಳಿಗೂ ಕೈಗಾರಿಕೆಗಳಿಗೂ ಭೂಮಿ ಕೇಳುವ ಮೊದಲು ಈ ಕೆಲಸ ಮುಗಿದಿದ್ದರೆ ಗುತ್ತಿಗೆಯ ಹಣ ಸೇರಬೇಕಾದವರನ್ನು ಸೇರುತ್ತದೆ.

ಪಾವಗಡದ ಗುತ್ತಿಗೆಗಳು 2040ರ ದಶಕದಲ್ಲಿ ಮುಗಿಯಲಿವೆ. ಅಂದು ಆ 13 ಸಾವಿರ ಎಕರೆಯನ್ನು ಯಾರ ಕೈಗೆ, ಯಾವ ಗಡಿಗೆರೆಯೊಂದಿಗೆ ಹಿಂದಿರುಗಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಕಂದಾಯ ಇಲಾಖೆಗೆ ಇನ್ನೂ ಸಮಯವಿದೆ. ಬದು ಎಲ್ಲಿತ್ತೆಂದು ಬಲ್ಲ ಹಿರಿಯರು ಇಂದು ಊರಿನಲ್ಲಿದ್ದಾರೆ, ಅಂದು ಇರಲಾರರು.